ಮೂರು ದಿನ ಹೊರಗೆ

ರಜೆಯ ಅರ್ಜಿಯಲ್ಲಿ ‘ಕಾರಣ’ ಎಂಬ ಗೆರೆಯ ಮುಂದೆ ನಾನು ‘ನಾದಿನಿಯ ಮಗಳ ಕುಬಸ’ ಎಂದು ಬರೆದೆ. ಆ ಹುಡುಗಿ ಆಗ ಪಿ.ಯು.ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದಳು. ಅವಳು ನನ್ನನ್ನು ಕ್ಷಮಿಸಲಿ. ಮನೆಯಲ್ಲಿ ಅತ್ತೆಗೆ ಕುಬಸದ ಸುಳ್ಳು ಹೇಳುವಂತಿರಲಿಲ್ಲವಲ್ಲ, ಅವರಿಗೆ ‘ಬೆಂಗಳೂರಿನಲ್ಲಿ ಟ್ರೇನಿಂಗ್’ ಎಂದೆ. ಯಜಮಾನರಿಗೆ ನಿಜ ಗೊತ್ತಿತ್ತು. ಗೊತ್ತಿದ್ದೂ ಪೇಪರಿನಿಂದ ಮುಖ ತೆಗೆಯಲಿಲ್ಲ. ಹೀಗೆ ಐವತ್ತೊಂದನೇ ವಯಸ್ಸಿನಲ್ಲಿ, ಸಿಂಧನೂರಿನ ಹೈಸ್ಕೂಲು ಹುಡುಗರಿಗೆ ಇಪ್ಪತ್ತೈದು ವರ್ಷ ಲೆಕ್ಕ ಕಲಿಸಿದ ಮೇಲೆ, ಎರಡು ಸುಳ್ಳು ಹೇಳಿ ರಾತ್ರಿ ಬಸ್ಸು ಹತ್ತಿದೆ. ಹೋದದ್ದು ಇಸ್ಪೀಟು ಆಡಲಿಕ್ಕೆ.

ಈಗ ನೀವು ಹುಬ್ಬೇರಿಸಿರುತ್ತೀರಿ. ಏರಿಸಿ, ಪರವಾಗಿಲ್ಲ. ನಾನು ಈ ಬರಹ ಬರೆಯುತ್ತಿರುವುದೇ ಆ ಹುಬ್ಬಿನ ವಿಚಾರವಾಗಿ.

ನಾನು ಆಡುವ ಆಟದ ಹೆಸರು ಬ್ರಿಜ್. ಐವತ್ತೆರಡು ಎಲೆ, ನಾಲ್ವರು, ತಲೆಗೆ ಹದಿಮೂರು. ಎದುರುಬದುರು ಕೂತವರು ಒಂದು ಜೋಡಿ. ಮೊದಲು ಹರಾಜು: ಇಷ್ಟು ಸುತ್ತು ಗೆಲ್ಲುತ್ತೇವೆ ಎಂದು ಕೂಗಿ ಮಾತು ಕೊಡಬೇಕು. ಆಮೇಲೆ ಆಡಿ ಆ ಮಾತು ಉಳಿಸಿಕೊಳ್ಳಬೇಕು. ಹರಾಜು ಗೆದ್ದವರ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು. ಅವನಿಗೆ ‘ಡಮ್ಮಿ’ ಎನ್ನುತ್ತಾರೆ. ಈ ಪದವಿ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಮದುವೆಯ ಮಾರನೇ ದಿನವೇ ಸಿಕ್ಕಿರುತ್ತದೆ, ಹೊಸದಾಗಿ ಕಲಿಯಬೇಕಾದ್ದಿಲ್ಲ. ಜೊತೆಗಾರರ ನಡುವೆ ಮಾತಿಲ್ಲ, ಕಣ್ಸನ್ನೆಯಿಲ್ಲ, ನಿಟ್ಟುಸಿರೂ ಇಲ್ಲ. ಹರಾಜನ್ನು ಕೂಡ ಬಾಯಿಂದ ಕೂಗುವುದಿಲ್ಲ. ಪೆಟ್ಟಿಗೆಯಿಂದ ಚೀಟಿ ತೆಗೆದು ಇಡುವುದು. ‘ಹೆಣ್ಣಮಕ್ಕಳು ಮಾತಾಡಲಾರದ ಆಟ ಆಡ್ತಾರೇನ್ರಿ?’ ಎಂದು ನಮ್ಮ ಸ್ಟಾಫ್ ರೂಮಿನ ಒಬ್ಬರು ನಕ್ಕರು. ಹಾಗೆ ನಕ್ಕವರು ಆ ದಿನ ಬೆಳಗಿನಿಂದ ಬಾಯಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ಪಂದ್ಯದಲ್ಲಿ ಇನ್ನೊಂದು ವಿಶೇಷವಿದೆ, ಅದನ್ನು ನೀವು ಗಮನವಿಟ್ಟು ಕೇಳಬೇಕು. ಕಲೆಸಿ ಹಂಚಿದ ಎಲೆಗಳನ್ನು ನಾಲ್ಕು ಗೂಡಿನ ಒಂದು ಹಲಗೆಯಲ್ಲಿಟ್ಟು ಮೇಜಿಂದ ಮೇಜಿಗೆ ಕಳಿಸುತ್ತಾರೆ. ನನ್ನ ಕೈಗೆ ಬಂದ ಅದೇ ಹದಿಮೂರು ಎಲೆ ನನ್ನ ದಿಕ್ಕಿಗೆ ಕೂತ ಉಳಿದವರ ಕೈಗೂ ಬರುತ್ತವೆ. ಅದೇ ಎಲೆಯಿಂದ ನಾನೆಷ್ಟು ಸಾಧಿಸಿದೆ, ಅವರೆಷ್ಟು ಸಾಧಿಸಿದರು ಎಂದಷ್ಟೇ ಅಂಕ: ಹಿಂದಿಕ್ಕಿದ ಪ್ರತಿ ಜೋಡಿಗೆ ಎರಡು, ಸಮವಾದರೆ ಒಂದು. ಕೆಟ್ಟ ಎಲೆ ಬಂತೆಂದು ಹಣೆ ಚಚ್ಚಿಕೊಳ್ಳುವ ಹಾಗಿಲ್ಲ. ಎಲ್ಲರಿಗೂ ಅದೇ ಕೆಟ್ಟ ಎಲೆ. ಹಣೆಬರಹವನ್ನು ಇಷ್ಟು ಕಟ್ಟುನಿಟ್ಟಾಗಿ ಬಾಗಿಲಾಚೆ ನಿಲ್ಲಿಸಿದ ಆಟ ನಾನು ಬೇರೆ ಕಂಡಿಲ್ಲ. ಇಂಥದನ್ನು ಜೂಜು ಅನ್ನುತ್ತಾರೆ!

ಕಾನೂನು ಕೂಡ ಅನ್ನುವುದಿಲ್ಲ. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಹಳೆಯ ಹೈದರಾಬಾದ್ ಜೂಜು ಕಾಯಿದೆಯ ಪ್ರಶ್ನೆ. ನಿಜಾಮರ ಕಾಲದಲ್ಲಿ ನಮ್ಮ ರಾಯಚೂರು ಸೀಮೆಯೂ ಅದೇ ರಾಜ್ಯದಲ್ಲಿತ್ತಲ್ಲ. ಮೂರೆಲೆಯ ಆಟ ಬರೀ ಅದೃಷ್ಟ. ರಮ್ಮಿಯಲ್ಲಿ ನೆನಪು, ಲೆಕ್ಕ, ಕೌಶಲ ಬೇಕು. ಅದರಲ್ಲಿರುವ ಅದೃಷ್ಟ ಬ್ರಿಜ್ಜಿನಲ್ಲಿ ಎಲೆ ಹಂಚುವಾಗ ಇರುವಷ್ಟೇ ಎಂದು ಕೋರ್ಟು ಹೇಳಿತು. ಅಂದರೆ ಕೌಶಲದ ಆಟ ಹೇಗಿರುತ್ತದೆ ಎಂದು ತೋರಿಸಲು ನ್ಯಾಯಮೂರ್ತಿಗಳಿಗೆ ಹೊಳೆದ ಉದಾಹರಣೆಯೇ ಬ್ರಿಜ್. ಆಮೇಲೆ 2018ರ ಸೆಪ್ಟೆಂಬರ್ 1ರಂದು ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಜೋಡಿ ಚಿನ್ನ ಗೆದ್ದಿತು. ಒಬ್ಬರಿಗೆ ಅರವತ್ತು, ಇನ್ನೊಬ್ಬರಿಗೆ ಐವತ್ತಾರು. 384 ಅಂಕ, ಬೆಳ್ಳಿ ಪಡೆದ ಚೀನೀ ಜೋಡಿಗಿಂತ ಆರೇ ಹೆಚ್ಚು. ಅದು ಆ ಕೂಟದಲ್ಲಿ ಭಾರತದ ಹದಿನೈದನೇ ಚಿನ್ನ. ಹದಿನೈದು ಚಿನ್ನ ಅದಕ್ಕೆ ಮೊದಲು ನಮಗೆ ಸಿಕ್ಕಿದ್ದು 1951ರಲ್ಲಿ, ದಿಲ್ಲಿಯಲ್ಲಿ.

ಇಷ್ಟೆಲ್ಲ ಹೇಳಿದರೂ ನನ್ನ ಅವ್ವನೆದುರು ಈ ಮಾತು ನಿಲ್ಲುವುದಿಲ್ಲ. ಅದಕ್ಕೆ ಕಾರಣವಿದೆ.

ನನ್ನ ತವರು ಮುಕ್ಕುಂದ. ಸಿಂಧನೂರು ತಾಲ್ಲೂಕು, ತುಂಗಭದ್ರೆಯ ದಂಡೆ. 1953ರಲ್ಲಿ ಅಣೆಕಟ್ಟು ಮುಗಿದು ಎಡದಂಡೆ ನಾಲೆಯಲ್ಲಿ ನೀರು ಬಂದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಭತ್ತದ ಹಿಂದೆ ರೊಕ್ಕ ಬಂತು, ರೊಕ್ಕದ ಹಿಂದೆ ‘ಎಲಿ’ ಬಂತು. ಒಂದು ದೀಪಾವಳಿ ಅಮಾವಾಸ್ಯೆಯ ರಾತ್ರಿ ಅಪ್ಪ ಅಂದರ್-ಬಾಹರ್ ಆಡಿ ಎರಡು ಎಕರೆ ಗದ್ದೆ ಕಳೆದು ಬಂದ. ಅದಕ್ಕೆ ಮೊದಲೇ ಅವ್ವನ ಬೋರಮಾಳ ಸರ ಹೋಗಿತ್ತು. ಬೆಳಿಗ್ಗೆ ಅವ್ವ ಅಪ್ಪನ ಅಂಗಿಯ ಕಿಸೆ ಹುಡುಕಿ ಎಲೆಯ ಕಟ್ಟನ್ನು ಒಲೆಗೆ ಹಾಕಿದಳು. ನನಗೆ ಆಗ ಏಳು ವರ್ಷ. ರಾಜ ರಾಣಿಯರು ಸುರುಟಿಕೊಂಡು ಉರಿಯುವುದನ್ನು ನೋಡುತ್ತ ಕೂತಿದ್ದೆ. ಅವತ್ತಿನಿಂದ ಆ ಮನೆಗೆ ಎಲೆ ಬಂದಿಲ್ಲ.

ಅವ್ವನ ಸಿಟ್ಟನ್ನು ನಾನು ಒಪ್ಪುತ್ತೇನೆ. ನಾನು ಒಪ್ಪದಿರುವುದು ಅಣ್ಣನ ಸಿಟ್ಟನ್ನು. ಅವನು ಯುಗಾದಿಗೆ ಗೆಳೆಯರೊಡನೆ ಕೂತು ಬೆಳತನಕ ಎಲೆ ಆಡುತ್ತಾನೆ, ಅದು ‘ಹಬ್ಬದ ಪದ್ಧತಿ’. ಅತ್ತಿಗೆ ರಾತ್ರಿ ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಚಹಾ ಒಯ್ದು ಕೊಡುತ್ತಾಳೆ. ಅದೂ ಪದ್ಧತಿಯೇ ಇರಬೇಕು. ನಮ್ಮ ಪುರಾಣಗಳಲ್ಲೂ ಹೀಗೆಯೇ. ಶಿವನೊಡನೆ ಪಗಡೆ ಆಡಿ ಗೆದ್ದ ಪಾರ್ವತಿಯನ್ನು ಎಲ್ಲೋರದ ಗುಹೆಯಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ನಾವು ಅವಳನ್ನು ಅಲ್ಲೇ ಕಲ್ಲಿನಲ್ಲಿ ಬಿಟ್ಟು, ಮನೆಗೆ ದ್ರೌಪದಿಯ ಕಥೆಯನ್ನಷ್ಟೇ ತಂದುಕೊಂಡೆವು. ದ್ರೌಪದಿಯನ್ನು ಪಣಕ್ಕಿಟ್ಟರು. ದಾಳ ಅವಳ ಕೈಗೆ ಯಾರೂ ಕೊಡಲಿಲ್ಲ.

ಹಾಗೆಂದು ನಮ್ಮ ಮನೆಯ ಹೆಂಗಸರಿಗೆ ಆಟ ಗೊತ್ತಿರಲಿಲ್ಲವೆಂದಲ್ಲ. ಅವ್ವ ಚೌಕಾಬಾರದಲ್ಲಿ ಓಣಿಗೇ ಹೆಸರಾದವಳು. ಆದರೆ ಯಾವಾಗ ಆಡುತ್ತಿದ್ದಳು? ‘ಹೊರಗಾದಾಗ’. ತಿಂಗಳಿಗೆ ಮೂರು ದಿನ ದನದ ಮನೆಯ ಪಕ್ಕದ ಚಪ್ಪರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಕೂಡಬೇಕು. ಒಲೆ ಮುಟ್ಟುವಂತಿಲ್ಲ, ನೀರು ಮುಟ್ಟುವಂತಿಲ್ಲ, ಕೂಸನ್ನು ಮುಟ್ಟುವಂತಿಲ್ಲ. ಚಿಕ್ಕಮ್ಮನೂ ಅದೇ ಹೊತ್ತಿಗೆ ಬಂದು ಕೂತರೆ ಆಯಿತು, ಇದ್ದಿಲಿನಿಂದ ನೆಲದ ಮೇಲೆ ಐದೈದು ಮನೆ ಗೀಚಿ, ಹುಣಸೆ ಬೀಜ ಒಂದು ಮಗ್ಗುಲು ತಿಕ್ಕಿ ಬಿಳಿ ಮಾಡಿಕೊಂಡು ಶುರು ಮಾಡುತ್ತಿದ್ದರು. ಅವ್ವ ಗಟ್ಟಿಯಾಗಿ ನಗುತ್ತಿದ್ದದ್ದು ಆ ಮೂರು ದಿನ ಮಾತ್ರ. ‘ಹೊರಗ ಕುಂತೋರಿಗೆ ನಗಿ ಬ್ಯಾರೆ’ ಎಂದು ಅಜ್ಜಿ ಒಳಗಿನಿಂದ ಬೈಯುತ್ತಿದ್ದಳು.

ಆ ಪದ್ಧತಿಯನ್ನು ಹೊಗಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಪುಷ್ಯಮಾಸದ ಚಳಿಯಲ್ಲಿ ಆ ಗೋಣಿತಟ್ಟಿನ ಮೇಲೆ ನಾನೂ ಮಲಗಿದ್ದೇನೆ. ಆದರೆ ಲೆಕ್ಕದ ಮೇಷ್ಟ್ರಮ್ಮ ನಾನು, ಲೆಕ್ಕ ಹಾಕದೆ ಇರಲಾರೆ. ನಮ್ಮವ್ವನಿಗೆ ಜನ್ಮದಲ್ಲಿ ಸಿಕ್ಕ ಬಿಡುವು ತಿಂಗಳಿಗೆ ಮೂರು ದಿನ. ಅದೂ ಅವಳು ಮೈಲಿಗೆಯಾಗಿದ್ದಾಗ. ಮಡಿಯಾದ ತಕ್ಷಣ ಬಿಡುವು ಮುಗಿಯಿತು. ಈಗ ನಮ್ಮಂಥವರ ಮನೆಗಳಲ್ಲಿ ಹೊರಗೆ ಕೂಡುವುದು ಬಹಳ ಕಡಿಮೆಯಾಗಿದೆ. ಒಳ್ಳೆಯದಾಯಿತು. ಆದರೆ ಆ ಮೂರು ದಿನಗಳನ್ನು ನಮಗೆ ಬೇರೆ ರೂಪದಲ್ಲಿ ಯಾರಾದರೂ ತಿರುಗಿ ಕೊಟ್ಟರೆ? ಅವನ್ನೂ ಅಡುಗೆಮನೆಗೇ ಜಮಾ ಮಾಡಿಕೊಂಡರು. 2019ರಲ್ಲಿ ಸರ್ಕಾರವೇ ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಮಾಡದ ಗಂಡಸರು ಆ ಲೆಕ್ಕದಲ್ಲೇ ಇಲ್ಲ.

ಬ್ರಿಜ್ ಆಡಲು ತೋಳ್ಬಲ ಬೇಡ, ಎತ್ತರ ಬೇಡ, ಓಡುವುದು ಬೇಡ. ಜಕಾರ್ತಕ್ಕೆ ಹೋದ ನಮ್ಮ ಬ್ರಿಜ್ ತಂಡದಲ್ಲಿದ್ದ ರೀಟಾ ಚೋಕ್ಸಿಯವರಿಗೆ ಎಪ್ಪತ್ತೊಂಬತ್ತು ವರ್ಷ. ಮಿಶ್ರ ತಂಡಕ್ಕೆ ಕಂಚು ಬಂದಾಗ ಅದರಲ್ಲಿ ಕಿರಣ್ ನಾಡಾರ್, ಹೇಮಾ ದೇವರಾ, ಹಿಮಾನಿ ಖಂಡೇಲ್‌ವಾಲ್ ಎಂಬ ಮೂವರು ಹೆಂಗಸರಿದ್ದರು. ಹಾಗಾದರೆ ಪಂದ್ಯದ ಹಾಲಿನಲ್ಲಿ ನಾವೇಕೆ ಬೆರಳೆಣಿಕೆಯಷ್ಟು? ‘ಹೆಣ್ಣಿನ ಬುದ್ಧಿಗೆ ಲೆಕ್ಕ ಒಗ್ಗದು’ ಎನ್ನುವವರಿಗೆ ನನ್ನ ಹತ್ತನೇ ತರಗತಿಯ ಹುಡುಗಿಯರ ಅಂಕಪಟ್ಟಿ ತೋರಿಸಬಲ್ಲೆ. ನಮ್ಮಲ್ಲಿ ಬುದ್ಧಿಗೆ ಬರವಿಲ್ಲ. ಸಾಲಾಗಿ ಮೂರು ದಿನಗಳಿಗೆ ಬರ. ಒಂದು ಮಧ್ಯಾಹ್ನ ಹೇಗೋ ಕದಿಯಬಹುದು. ಮೂರು ದಿನವನ್ನು ಸೆರಗಿನಡಿ ಬಚ್ಚಿಟ್ಟುಕೊಂಡು ಹೋಗಲಾಗುವುದಿಲ್ಲ.

ನನ್ನ ಜೊತೆಗಾತಿ ದೀದಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಎಪ್ಪತ್ತರ ದಶಕದ ಮೊದಲಲ್ಲಿ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿಗಳ ಪೈಕಿ. ನಿವೃತ್ತ ನರ್ಸು. ಕ್ಯಾಂಪಿನ ಬಂಗಾಳಿ ಮನೆಗಳಲ್ಲಿ ‘ಟ್ವೆಂಟಿನೈನ್’ ಎಂಬ ಎಲೆಯಾಟವಿದೆ. ಅದರಲ್ಲೂ ಜೋಡಿ, ಹರಾಜು, ತುರುಫು. ನನಗೆ ಮೊದಲು ಅದನ್ನು ಕಲಿಸಿದಳು. ಆಮೇಲೆ ನಾಲೆಯ ನಿವೃತ್ತ ಎಂಜಿನಿಯರ್ ಸಾಹೇಬರ ಮನೆಯ ಅಕ್ಕಾವರು ಇಬ್ಬರನ್ನೂ ಕೂಡಿಸಿಕೊಂಡು ಬ್ರಿಜ್ ಹೇಳಿಕೊಟ್ಟರು. ಗಂಡ ಹೆಂಡಿರು ಜೋಡಿಯಾಗಿ ಆಡಬಾರದೆಂಬುದು ಅಕ್ಕಾವರ ಮೊದಲ ಪಾಠ. 1929ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ನಾಲ್ಕು ಇಸ್ಪೀಟಿನ ಮಾತು ಕೊಟ್ಟು ತಪ್ಪಿದ ಗಂಡನನ್ನು ಹೆಂಡತಿ ಆಡಿಕೊಂಡಳಂತೆ, ಅವನು ಕಪಾಳಕ್ಕೆ ಹೊಡೆದನಂತೆ, ಅವಳು ಪಿಸ್ತೂಲು ತಂದು ಗುಂಡು ಹಾರಿಸಿದಳು. ಗಂಡ ಸತ್ತ. 1931ರಲ್ಲಿ ಕೋರ್ಟು ಅವಳನ್ನು ಬಿಟ್ಟಿತು. ಅಕ್ಕಾವರು ಇದನ್ನು ಹೇಳುವಾಗ ಸಾಹೇಬರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ಬೆಂಗಳೂರಿನ ಆ ಪಂದ್ಯದಲ್ಲಿ ಮೊದಲ ಎರಡು ದಿನ ಎಲ್ಲರೂ ಆಡಬೇಕು. ಮೂರನೇ ದಿನಕ್ಕೆ ಮೇಲಿನ ಹದಿನಾರು ಜೋಡಿ ಮಾತ್ರ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ದಿನಕ್ಕೆ ನಲವತ್ತೆಂಟು ಕೈ. ಆಡುವಾಗ ಮೊಬೈಲು ಬಂದ್ ಇರಬೇಕೆಂಬುದು ಕಡ್ಡಾಯ. ಈ ಒಂದು ನಿಯಮ ನನಗೆಷ್ಟು ಹಿತವಾಯಿತೆಂದು ಹೇಗೆ ಹೇಳಲಿ? ಮದುವೆಯಾದ ಮೇಲೆ ಮೊದಲ ಸಲ, ಗಂಟೆಗಟ್ಟಲೆ ಯಾರೂ ನನ್ನನ್ನು ಏನನ್ನೂ ಕೇಳುವಂತಿರಲಿಲ್ಲ. ಊಟದ ಬಿಡುವಿನಲ್ಲಿ ಹಚ್ಚಿ ನೋಡಿದರೆ ಒಂಬತ್ತು ಕರೆ. ಗ್ಯಾಸಿನ ಪುಸ್ತಕ ಎಲ್ಲಿದೆ? ಉದ್ದಿನಬೇಳೆ ಯಾವ ಡಬ್ಬಿ? ಹಾಲಿನವನಿಗೆ ಎಷ್ಟು ಕೊಡಬೇಕು? ಉದ್ದಿನಬೇಳೆ ಇಪ್ಪತ್ತಾರು ವರ್ಷದಿಂದ ಅದೇ ಡಬ್ಬಿಯಲ್ಲಿದೆ.

ಮೊದಲ ದಿನ ಸೋತೆವು. ನೂರಕ್ಕೆ ನಲವತ್ತನಾಲ್ಕು. ಹೆದರಿ ಆಡಿದ್ದೆವು, ಎದುರಿನವರು ಹುಬ್ಬು ಗಂಟಿಕ್ಕಿದರೆ ಸಾಕು ಹರಾಜಿನಿಂದ ಹಿಂದೆ ಸರಿಯುತ್ತಿದ್ದೆವು. ರಾತ್ರಿ ಲಾಡ್ಜಿನಲ್ಲಿ ದೀದಿ ಕಾಲು ನೀವಿಕೊಳ್ಳುತ್ತ, ‘ಟೀಚರ್, ನಾವು ಮನೆಯಲ್ಲಿ ಮಾತು ಬಿಟ್ಟುಕೊಡೋ ಹಾಗೆ ಇಲ್ಲೂ ಬಿಟ್ಟುಕೊಡ್ತಾ ಇದೀವಿ’ ಎಂದಳು.

ಎರಡನೇ ದಿನ ಸಂಜೆಯ ಒಂದು ಕೈಯನ್ನು ಮಾತ್ರ ಹೇಳುತ್ತೇನೆ, ಬೇಸರಿಸಬೇಡಿ. ತುರುಫಿಲ್ಲದ ಆಟ, ಒಂಬತ್ತು ಸುತ್ತು ಗೆಲ್ಲುವೆನೆಂದು ಮಾತು ಕೊಟ್ಟಿದ್ದೆ. ಇಸ್ಪೀಟಿನಲ್ಲಿ ನನ್ನ ಕೈಯಲ್ಲಿ ಎಕ್ಕ, ಗುಲಾಮ, ಒಂಬತ್ತು, ಜೊತೆಗೆ ಎರಡು ಸಣ್ಣವು. ಮೇಜಿನ ಮೇಲೆ ರಾಜ, ಹತ್ತು, ಎರಡು. ರಾಣಿ ಯಾರ ಕೈಯಲ್ಲಿ? ಬ್ರಿಜ್ಜಿನ ಹಳೆಯ ಪ್ರಶ್ನೆಯೇ ಇದು. ಎಡಗಡೆಯವರು ಹರಾಜನ್ನು ಮೂರು ಡೈಮಂಡಿನಿಂದ ಶುರು ಮಾಡಿದ್ದರು, ಎಂದರೆ ಅವರ ಹತ್ತಿರ ಏಳು ಡೈಮಂಡ್. ನಾನು ಅವಸರ ಮಾಡದೆ ಮೊದಲು ಬೇರೆ ಬಣ್ಣ ಆಡಿಸಿದೆ. ಆಟೀನು ಮೂರು ಸಲವೂ ಹಾಕಿದರು. ಕಳಾವರ ಎರಡು ಸಲ ಹಾಕಿ, ಮೂರನೇ ಸಲಕ್ಕೆ ಇಲ್ಲವೆಂದು ಡೈಮಂಡ್ ಎಸೆದರು. ಏಳು, ಮೂರು, ಎರಡು: ಹನ್ನೆರಡು. ಉಳಿದದ್ದು ಒಂದೇ ಇಸ್ಪೀಟು. ಮೇಜಿನ ಮೇಲಿನ ರಾಜನನ್ನು ಆಡಿದೆ. ಅವರ ಒಂಟಿ ಇಸ್ಪೀಟು ಬಿತ್ತು, ಸಣ್ಣದು. ಇನ್ನು ಊಹೆ ಎಲ್ಲಿದೆ? ರಾಣಿ ಬಲಗಡೆಯವರಲ್ಲೇ ಇರಬೇಕು. ಹತ್ತನ್ನು ಬಿಟ್ಟೆ, ಅವರು ಸಣ್ಣದು ಹಾಕಿದರು, ನಾನೂ ಸಣ್ಣದು ಹಾಕಿದೆ, ಹತ್ತು ಗೆದ್ದಿತು. ಎರಡನ್ನು ಬಿಟ್ಟೆ, ಒಂಬತ್ತು ಗೆದ್ದಿತು. ಆಮೇಲೆ ಎಕ್ಕ, ಅದರ ಕೆಳಗೆ ರಾಣಿ. ಐದೂ ಇಸ್ಪೀಟಿನ ಸುತ್ತು ನಮ್ಮದಾಯಿತು. ಬಹಳ ಮೇಜುಗಳಲ್ಲಿ ಗಂಡಸರು ರಾಣಿಯನ್ನು ಎಡಗಡೆ ಹುಡುಕಿ ಕಳೆದುಕೊಂಡಿದ್ದರು. ಆ ಸಂಜೆ ಹದಿನಾರರಲ್ಲಿ ಕೊನೆಯವರಾಗಿ ಒಳಗೆ ಬಂದೆವು. ಮೂರನೇ ದಿನ ಆಡಿ ಹದಿಮೂರನೆಯವರಾದೆವು.

ಬಹುಮಾನದ ಹೊತ್ತಿಗೆ ನಮ್ಮ ಹೆಸರು ಕೂಗಿದರು. ‘ಅತ್ಯುತ್ತಮ ಮಹಿಳಾ ಜೋಡಿ’. ಫೈನಲ್ಲಿನಲ್ಲಿದ್ದ ಮಹಿಳಾ ಜೋಡಿ ನಮ್ಮದೊಂದೇ. ಗೆದ್ದ ಗಂಡಸರಿಗೆ ಹಿತ್ತಾಳೆಯ ಕಪ್ಪು, ನಮಗೆ ಬಣ್ಣದ ಕಾಗದದಲ್ಲಿ ಸುತ್ತಿದ ಹಾಟ್‌ಬಾಕ್ಸ್ ಸೆಟ್ಟು. ಸಣ್ಣದು, ದೊಡ್ಡದು, ಅದಕ್ಕಿಂತ ದೊಡ್ಡದು! ಮೂರು ದಿನ ಒಲೆಯಿಂದ ತಪ್ಪಿಸಿಕೊಂಡು ಬಂದವರ ಕೈಗೆ ಚಪಾತಿ ಬಿಸಿಯಾಗಿಡುವ ಡಬ್ಬಿ ಕೊಟ್ಟು ಫೋಟೋ ತೆಗೆದರು. ಕೊಟ್ಟವರು ಕೆಟ್ಟವರಲ್ಲ, ನಮಗೆ ಖುಷಿಯಾಗುತ್ತದೆಂದೇ ನಂಬಿದ್ದರು. ಎಲೆ ಎಲ್ಲರಿಗೂ ಒಂದೇ, ಅಂಕ ಎಲ್ಲರಿಗೂ ಒಂದೇ, ಹದಿಮೂರನೇ ಸ್ಥಾನ ಹದಿಮೂರೇ. ಬೇರೆ ಗೂಡಿಗೆ ಹಾಕಿ ಹೊಗಳಬೇಕೆಂದು ನಾವು ಕೇಳಿರಲಿಲ್ಲ. ಹೆಂಗಸರು ಬರಬೇಕೆಂದಿದ್ದರೆ ಪಂದ್ಯ ನಡೆಸುವವರು ಮಾಡಬಹುದಾದ ಕೆಲಸ ಬೇರೆ ಇವೆ. ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಕೊಡಲಿ. ಊರಿಂದ ಬಂದವರು ಧೈರ್ಯವಾಗಿ ಉಳಿಯುವಂಥ ವಸತಿ ಕೊಡಲಿ. ನೌಕರರ ಕ್ರೀಡಾಕೂಟದಲ್ಲಿ ಕ್ರಿಕೆಟ್ ಆಡಲು ಹೋಗುವ ನಮ್ಮ ಮೇಷ್ಟ್ರುಗಳಿಗೆ ಓ.ಓ.ಡಿ. ಸಿಗುತ್ತದೆ, ನಮಗೂ ಅದನ್ನು ಕೊಡಿಸಲಿ.

ಆ ಫೋಟೋ ನಮಗಿಂತ ಮೊದಲೇ ಊರಿಗೆ ಹೋಗಿತ್ತು. ಅಣ್ಣ ಫೋನಿನಲ್ಲಿ, ‘ಮಾಸ್ತರ್ತಿ ಆಗಿ ಎಲಿ ಆಡ್ತಿ, ನಾಚಿಕಿ ಇಲ್ಲೇನು? ಜನಾ ಏನಂತಾರ?’ ಎಂದು ಕೂಗಾಡಿದ. ‘ಯುಗಾದಿಗೆ ನಿನಗ ಏನಂತಾರೋ ಅದನ್ನ ಅನ್ನಲಿ’ ಎಂದು ಫೋನಿಟ್ಟೆ. ಅವ್ವನಿಗೆ ಹಾಗೆನ್ನಲು ಬರುವುದಿಲ್ಲ. ಮುಂದಿನ ಭಾನುವಾರ ಮುಕ್ಕುಂದಕ್ಕೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

‘ಆ ಎಲಿ ನಿನ್ನ ಕೈಗೂ ಬಂತೇನು?’

ಹೂಂ ಎಂದೆ.

‘ರೊಕ್ಕ ಎಷ್ಟು ಹಚ್ಚಿದ್ದಿ?’

‘ಹಚ್ಚೋದಲ್ಲವ್ವಾ, ಫೀ ಕಟ್ಟೋದು.’

‘ಫೀ ಅಂದ್ರ ಹಚ್ಚಿದಂಗ ಅಲ್ಲೇನು? ನಿಮ್ಮಪ್ಪನೂ ಹಿಂಗಾ ಹೇಳ್ತಿದ್ದ, ಇದ್ರಾಗ ಲೆಕ್ಕ ಐತಿ ಅಂತ.’

ಸುಪ್ರೀಂ ಕೋರ್ಟು, ಜಕಾರ್ತ ಎಲ್ಲ ನನ್ನ ನಾಲಿಗೆಯ ಮೇಲೇ ಒಣಗಿದವು. ಜೂಜಿನಲ್ಲಿ ಮುಳುಗಿದವರೆಲ್ಲ ‘ಲೆಕ್ಕ ಐತಿ’ ಎಂದೇ ಮುಳುಗಿದ್ದು ಸುಳ್ಳಲ್ಲ. ಇಂದಿಗೂ ಮೊಬೈಲಿನಲ್ಲಿ ಅದೇ ಮಾತು ಹೇಳಿಕೊಂಡು ಹುಡುಗರು ಮುಳುಗುತ್ತಿದ್ದಾರೆ. ಚೀಲದಿಂದ ಎಲೆಯ ಕಟ್ಟು ತೆಗೆದೆ. ನಲವತ್ತು ವರ್ಷಕ್ಕೂ ಮೇಲೆ ಎಲೆ ಬರದ ಮನೆ. ಪಡಸಾಲೆಯ ನೆಲದ ಮೇಲೆ ಆ ಎರಡನೇ ದಿನದ ಕೈಯನ್ನು ನಾಲ್ಕೂ ದಿಕ್ಕಿಗೆ ಹರವಿ, ಎಡಗಡೆ ಬಲಗಡೆಯವರದನ್ನು ಬೋರಲು ಹಾಕಿ, ಒಂದೊಂದೇ ಎಲೆ ಆಡುತ್ತ ಬಂದೆ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು ನಿಂತಳು. ಆಮೇಲೆ ಕೂತಳು. ಎಲೆ ಮುಟ್ಟಲಿಲ್ಲ, ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಅದರಿಂದಲೇ ಸರಿಸಿ ನೋಡಿದಳು. ಎಡಗಡೆಯ ಹನ್ನೆರಡು ಎಲೆ ಆದ ಮೇಲೆ ತಡೆದು, ಬಾಯೊಳಗೇ ಎಣಿಸಿದಳು. ಕಡ್ಡಿಯನ್ನು ಬಲಗಡೆಗೆ ಚಾಚಿ, ‘ಈಕಿ ಇಲ್ಲಿ ಅದಾಳ’ ಎಂದಳು. ತಿರುಗಿಸಿದೆ. ಇದ್ದಳು.

ಬಹಳ ಹೊತ್ತು ಸುಮ್ಮನಿದ್ದು, ‘ನಿಮ್ಮಪ್ಪ ಇಷ್ಟು ಎಣಿಸಲಿಲ್ಲ’ ಎಂದು ಎದ್ದು ಒಲೆಯ ಮುಂದೆ ಹೋದಳು. ಹಾಟ್‌ಬಾಕ್ಸುಗಳಲ್ಲಿ ದೊಡ್ಡದನ್ನು ಅವಳಿಗೇ ಕೊಟ್ಟು ಬಂದೆ.

ಈ ಡಿಸೆಂಬರಿನಲ್ಲಿ ಮತ್ತೊಂದು ಪಂದ್ಯವಿದೆ, ನಾಲ್ಕು ದಿನದ್ದು. ಅತ್ತೆಗೆ ಹೇಳಿಯಾಗಿದೆ. ಎರಡು ದಿನ ಮಾತು ಬಿಟ್ಟಿದ್ದರು, ಮೂರನೇ ದಿನ ಉದ್ದಿನಬೇಳೆ ಡಬ್ಬಿ ತೋರಿಸಿಕೊಂಡರು. ಅರ್ಜಿಯ ಕಾರಣದ ಗೆರೆಯ ಮುಂದೆ ಈ ಸಲ ‘ಬ್ರಿಜ್ ಜೋಡಿ ಪಂದ್ಯದಲ್ಲಿ ಆಡಲು’ ಎಂದು ಬರೆದಿದ್ದೇನೆ. ಮುಖ್ಯೋಪಾಧ್ಯಾಯರು ಕರೆಸಿ, ‘ಮೇಡಮ್ಮೋರೆ, ಮನಿ ಕಾರ್ಯಕ್ರಮ ಅಂತ ಬರದು ಕೊಡ್ರಿ, ಇದು ಚಲೋ ಕಾಣಂಗಿಲ್ಲ’ ಎಂದರು. ಬರೆದುಕೊಡಲಿಲ್ಲ. ಅರ್ಜಿ ಇನ್ನೂ ಅವರ ಮೇಜಿನ ಮೇಲೆ, ಪೇಪರ್‌ವೇಟಿನ ಕೆಳಗಿದೆ. ಅವ್ವ ಭಾನುವಾರಕ್ಕೊಮ್ಮೆ ಫೋನು ಮಾಡಿ, ಮಳೆ ಬೆಳೆ ಎಲ್ಲ ಮಾತಾಡಿ ಆದ ಮೇಲೆ, ‘ಸಹಿ ಆತೇನು?’ ಎಂದು ಕೇಳುತ್ತಾಳೆ.